ಹ್ಯಾಂಡ್‌ಬಿಲ್ಲಿನಲ್ಲಿ ಇಲ್ಲದ ಹೆಸರು

ನಮ್ಮ ವಿಜಯಪುರದ ಸೀಮೆಯಲ್ಲಿ ಬಿಳಿಜೋಳ ಗೇಣುದ್ದ ಎದ್ದು ನಿಲ್ಲುವ ಹೊತ್ತಿಗೆ ಪತ್ರಿಕೆಗಳಲ್ಲಿ ಪ್ರಶಸ್ತಿಗಳ ಬೆಳೆಯೂ ತಲೆಯೆತ್ತುತ್ತದೆ. ನವೆಂಬರ 1ರ ರಾಜ್ಯೋತ್ಸವದ ಪಟ್ಟಿ ಒಂದು. ಅಕಾಡೆಮಿಗಳ ಪಟ್ಟಿ ಇನ್ನೊಂದು. ವೃತ್ತಿರಂಗಭೂಮಿಯವರಿಗೆಂದು ಗುಬ್ಬಿ ವೀರಣ್ಣನವರ ಹೆಸರಿನಲ್ಲಿ ಕೊಡುವುದು ಮತ್ತೊಂದು. ಬೆಳಗಿನ ಚಹದ ಬಟ್ಟಲನ್ನು ಒಂದು ಕೈಯಲ್ಲಿ ಹಿಡಿದು, ಮತ್ತೊಂದು ಕೈಯ ಬೆರಳನ್ನು ಪಟ್ಟಿಯ ಮೇಲೆ ಜಾರಿಸುತ್ತ, ‘ನಮ್ಮ ಜಿಲ್ಲೆಯವರು ಯಾರಿದ್ದಾರೆ?’ ಎಂದು ಹುಡುಕುವುದು ನನ್ನಂಥ ನಿವೃತ್ತ ಮಾಸ್ತರರ ಚಟ. ಇದರಿಂದ ಯಾರಿಗೂ ಉಪದ್ರವವಿಲ್ಲವೆಂದು ಬಹು ದಿವಸ ನಂಬಿದ್ದೆ. ಪಟ್ಟಿಯಲ್ಲಿ ಯಾರಿದ್ದಾರೆ ಎಂದು ನೋಡುವವನು ಯಾರಿಲ್ಲ ಎಂದೂ ಕೇಳಬೇಕಾಗುತ್ತದೆ ಎಂಬುದು ಹೊಳೆದದ್ದು ತೀರ ಇತ್ತೀಚೆಗೆ.

ಅದು ಹೊಳೆದ ಬಗೆಯನ್ನು ಹೇಳುತ್ತೇನೆ. ಒಂದು ಮಧ್ಯಾಹ್ನ ಎಪ್ಪತ್ತು ದಾಟಿದ ಹೆಣ್ಣುಮಗಳೊಬ್ಬರು ನನ್ನ ಮನೆಯ ಬಾಗಿಲಿಗೆ ಬಂದು ನಿಂತರು. ಕೈಯಲ್ಲೊಂದು ಚೀಲ, ಜೊತೆಯಲ್ಲಿ ಕಾಲೇಜಿಗೆ ಹೋಗುವ ಮೊಮ್ಮಗಳು. “ಮಾಸ್ತರ್ರ, ಗುರುತು ಸಿಕ್ಕತೇನ್ರಿ?” ಎಂದರು. ಮುಖ ಗುರುತು ಸಿಗಲಿಲ್ಲ, ದನಿ ಸಿಕ್ಕಿತು. ನಾನು ಬಬಲೇಶ್ವರದ ಸಾಲೆಯಲ್ಲಿ ಹೊಸದಾಗಿ ಮಾಸ್ತರನಾಗಿದ್ದ ದಿನಗಳಲ್ಲಿ, ಜಾತ್ರೆಯ ರಾತ್ರಿ ಮೈಕಿನ ಹಂಗಿಲ್ಲದೆ ಊರ ಹೊರಗಿನ ಹೊಲದವರೆಗೆ ಮುಟ್ಟುತ್ತಿದ್ದ ದನಿ ಅದು. “ದ್ರೌಪದಿ!” ಎಂದೆ. ಅವರು ನಕ್ಕು ಒಳಗೆ ಬಂದು ಕುಳಿತರು.

ಬಂದ ಕೆಲಸ ಸಣ್ಣದು. ಯಾವುದೋ ಒಂದು ಪ್ರಶಸ್ತಿಗಾಗಿ ಅರ್ಜಿ ಕರೆದಿದ್ದರು. ಮೊಮ್ಮಗಳು ಅದನ್ನು ತಂದಿದ್ದಳು. ತುಂಬಿ ಕೊಡುವವರು ಬೇಕಾಗಿತ್ತು. ಹೆಸರು, ವಯಸ್ಸು, ವಿಳಾಸಗಳ ಖಾನೆಗಳು ಸುಲಭವಾಗಿ ತುಂಬಿದವು. ಮುಂದಿನ ಖಾನೆ, ‘ಅಭಿನಯಿಸಿದ ನಾಟಕಗಳು, ಪಾತ್ರ ಮತ್ತು ವರ್ಷ’. ಅವರು ಕಣ್ಣು ಮುಚ್ಚಿ ಹೇಳತೊಡಗಿದರು. ಎಂಟು ವರ್ಷದವರಿದ್ದಾಗ ಕಂಪನಿಯಲ್ಲಿ ಹರಿಶ್ಚಂದ್ರನ ಮಗ ಲೋಹಿತಾಶ್ವ. ಮುಂದೆ ದ್ರೌಪದಿ, ಚಿತ್ರಾಂಗದೆ, ಹೇಮರಡ್ಡಿ ಮಲ್ಲಮ್ಮ. ಸಾಮಾಜಿಕ ನಾಟಕಗಳಲ್ಲಿ ಗೌಡರ ಸೊಸೆ, ಕುಡುಕನ ಹೆಂಡತಿ, ಬಡವರ ತಾಯಿ. ನಾನು ಬರೆದುಕೊಂಡೇ ಬರೆದುಕೊಂಡೆ. ಖಾನೆ ತುಂಬಿ ಹಾಳೆಯ ಹಿಂಬದಿಗೆ ಹೋಯಿತು. ಅದರ ಕೆಳಗಿನ ಖಾನೆ, ‘ದಾಖಲೆಗಳು: ಕರಪತ್ರ, ಭಾವಚಿತ್ರ, ಪತ್ರಿಕಾ ವರದಿ ಲಗತ್ತಿಸುವುದು’.

“ಕಾಗದ ಎಲ್ಲಿ ಅದಾವ್ರಿ ಮಾಸ್ತರ್ರ. ಇದ್ದಿದ್ದು ಎರಡು ಬೆಳ್ಳಿ ಪದಕ. ಮಗಳ ಬಾಣಂತನಕ್ಕ ಮಾರಿದೆ.”

ನಲವತ್ತು ವರ್ಷ ಬಣ್ಣ ಹಚ್ಚಿದವರಿಗೆ ತಾವು ಬಣ್ಣ ಹಚ್ಚಿದ್ದು ನಿಜವೆಂದು ತೋರಿಸಲು ಒಂದು ಚೀಟಿಯೂ ಇಲ್ಲ. ಕಚೇರಿಯವರನ್ನು ದೂರಿ ಫಲವಿಲ್ಲ; ಯಾರಾದರೂ ಬಂದು ನಾನು ದ್ರೌಪದಿಯಾಗಿದ್ದೆ ಎಂದರೆ ಅವರು ಏನನ್ನಾದರೂ ನೋಡಿ ನಂಬಬೇಕಲ್ಲ. ನಾನು ಆಯುಷ್ಯವೆಲ್ಲ ಇತಿಹಾಸವನ್ನು ಕಲಿಸಿದವನು. ‘ಅಕ್ಕಾರ, ನೀವು ನಡೀರಿ, ಕಾಗದ ನಾನು ಹುಡುಕುತ್ತೇನೆ’ ಎಂದು ಹಮ್ಮಿನಿಂದಲೇ ಹೇಳಿ ಕಳಿಸಿದೆ.

ಹುಡುಕಲು ಕುಳಿತಾಗ ಮೊದಲು ಕಣ್ಣಿಗೆ ಬಿದ್ದದ್ದು ನಮ್ಮ ಸೀಮೆಯ ನಾಟಕದ ಸಂಪತ್ತು. ವಾಚಕರಿಗೆ ಇದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಏಕೆಂದರೆ ವಿಜಯಪುರವೆಂದರೆ ಗೋಳಗುಮ್ಮಟ, ಬರ ಮತ್ತು ಜೋಳದ ರೊಟ್ಟಿ ಎಂದಷ್ಟೇ ತಿಳಿದವರು ಹಲವರಿದ್ದಾರೆ. 1843ರಲ್ಲಿ ಸಾಂಗಲಿಯಲ್ಲಿ ವಿಷ್ಣುದಾಸ ಭಾವೆಯವರು ‘ಸೀತಾಸ್ವಯಂವರ’ವನ್ನು ಆಡಿಸಿದರು, ಅದಕ್ಕೆ ಪ್ರೇರಣೆಯಾದದ್ದು ಕನ್ನಡ ನಾಡಿನಿಂದ ಹೋದ ಭಾಗವತರ ಮೇಳದ ಆಟ. ಹೀಗೆ ನಾವು ಕೊಟ್ಟ ಬೀಜ ಮರಾಠಿಯಲ್ಲಿ ಗಿಡವಾಗಿ, ಅದರ ಹಣ್ಣು ಮರಳಿ ನಮ್ಮ ಅಂಗಳದಲ್ಲಿ ಬಿತ್ತು. ಮರಾಠಿ ಕಂಪನಿಗಳ ಖೇಳಗಳಿಗೆ ಕನ್ನಡಿಗರು ಮುಗಿಬೀಳುವುದನ್ನು ಕಂಡು, 1870ರ ದಶಕದಲ್ಲಿ ಗದುಗಿನಲ್ಲಿ ಶಾಂತಕವಿಗಳು, ಎಂದರೆ ಸಕ್ಕರಿ ಬಾಳಾಚಾರ್ಯರು, ಕನ್ನಡದಲ್ಲಿ ನಾಟಕ ಬರೆದು ಮಂಡಳಿ ಕಟ್ಟಿದರು.

ಅಷ್ಟರಲ್ಲಿ 1876ರಿಂದ 78ರ ವರೆಗಿನ ಡೋಗಿ ಬರ ಬಂದು ನಮ್ಮ ಸೀಮೆಯನ್ನು ಹುರಿದು ಹಾಕಿತು. ಇಂಥ ಬರದಲ್ಲಿ ಧಾನ್ಯ ಸಾಗಿಸಲು ದಾರಿ ಬೇಕೆಂದು ಹಾಕಿದ ರೈಲು ದಾರಿಗಳಲ್ಲಿ ಹೊಟಗಿ–ಗದಗ ಮಾರ್ಗವೂ ಒಂದು; ವಿಜಾಪುರಕ್ಕೆ 1884ರಲ್ಲಿ ರೈಲು ಬಂತು. ಅದೇ ವರ್ಷ ಅತ್ತ ತುಮಕೂರು ಸೀಮೆಯಲ್ಲಿ ಗುಬ್ಬಿ ಕಂಪನಿ ಹುಟ್ಟಿದ್ದು ಕೇವಲ ಕಾಕತಾಳೀಯ. ಆದರೆ ಧಾನ್ಯಕ್ಕೆಂದು ಹಾಕಿದ ಕಂಬಿಯ ಮೇಲೆ ನಾಟಕದ ಪಡದೆಗಳೂ ಬಂದವೆಂಬುದು ಕಾಕತಾಳೀಯವಲ್ಲ. ಸೀನುಗಳ ಸುರುಳಿ, ಸಿಂಹಾಸನ, ಪೆಟ್ಟಿಗೆಗಟ್ಟಲೆ ಪೋಷಾಕು, ಐವತ್ತು ಅರವತ್ತು ಜನರ ಬಿಡಾರ, ಇವನ್ನೆಲ್ಲ ಬಂಡಿಯಲ್ಲಿ ಸಾಗಿಸುವುದು ಸುಲಭವಲ್ಲ. ರೈಲು ನಿಂತಲ್ಲಿ ಕಂಪನಿಯ ಮುಕ್ಕಾಮು. ಗದಗ, ಬಾಗಲಕೋಟೆ, ವಿಜಾಪುರ, ಸೊಲ್ಲಾಪುರ ಹೀಗೆ ಒಂದೇ ದಾರದಲ್ಲಿ ಪೋಣಿಸಿದ ಕ್ಯಾಂಪುಗಳಾದವು. ಸಂಕ್ರಾಂತಿಗೆ ನಡೆಯುವ ಸಿದ್ಧೇಶ್ವರನ ಜಾತ್ರೆಗೆ ದನಗಳೊಡನೆ ಬಂದ ರೈತ, ಎತ್ತು ಮಾರಿದ ರೊಕ್ಕದಲ್ಲಿ ಒಂದಿಷ್ಟನ್ನು ನಾಟಕಕ್ಕೆಂದು ತೆಗೆದಿಡುತ್ತಿದ್ದ. ಡೋಣಿ ಹರಿದರೆ ಓಣಿಯೆಲ್ಲ ಕಾಳು ಎಂದು ನಮ್ಮಲ್ಲಿ ಗಾದೆಯುಂಟು. ಆ ವರ್ಷ ಕಂಪನಿಯ ಗಲ್ಲೆಯೂ ತುಂಬುತ್ತಿತ್ತು.

ಇಂಥ ನೆಲದಲ್ಲಿ ಹುಟ್ಟಿದವರು ಕಂದಗಲ್ಲ ಹನುಮಂತರಾಯರು. 1896ರಲ್ಲಿ ಹುನಗುಂದ ಸೀಮೆಯ ಕಂದಗಲ್ಲಿನಲ್ಲಿ ಹುಟ್ಟಿ 1966ರಲ್ಲಿ ತೀರಿಕೊಂಡರು. 1997ರಲ್ಲಿ ಬಾಗಲಕೋಟೆ ಬೇರೆ ಜಿಲ್ಲೆಯಾಯಿತು. ಅದಕ್ಕೆ ಮುಂಚೆ ಹುನಗುಂದ, ಬೀಳಗಿ, ಬಾದಾಮಿಗಳೆಲ್ಲ ವಿಜಾಪುರ ಜಿಲ್ಲೆಯವೇ. ಆದುದರಿಂದ ಅವರನ್ನು ನಮ್ಮವರೆನ್ನಲು ಅಡ್ಡಿಯಿಲ್ಲ. ‘ರಕ್ತರಾತ್ರಿ’, ‘ಕುರುಕ್ಷೇತ್ರ’, ‘ಚಿತ್ರಾಂಗದಾ’, ‘ಅಕ್ಷಯಾಂಬರ’ ಮುಂತಾದ ನಾಟಕಗಳನ್ನು ಬರೆದು ‘ಕರ್ನಾಟಕದ ಶೇಕ್ಸ್‌ಪಿಯರ್’ ಎನಿಸಿಕೊಂಡರು. ಹೋಲಿಕೆ ಎಷ್ಟು ಸರಿಯೋ ಪಂಡಿತರು ಹೇಳಲಿ. ಒಂದು ಮಾತಂತೂ ನಿಜ. ಅವರ ಗದ್ಯ ಕೊಡುವ ಏಟು ಓದುವ ಕಣ್ಣಿಗಿಂತ ಕೇಳುವ ಕಿವಿಗೆ ದೊಡ್ಡದು. ಅಕ್ಷರ ಬಾರದ ಒಕ್ಕಲಿಗನೂ ಅವರ ಶಕುನಿಯ ಮಾತನ್ನು ಒಂದು ಪದ ತಪ್ಪದೆ ಒಪ್ಪಿಸುವುದನ್ನು ನಾನು ಚಿಕ್ಕಂದಿನಲ್ಲಿ ತಿಕೋಟೆಯ ಕಟ್ಟೆಯ ಮೇಲೆ ಕೇಳಿದ್ದೇನೆ. ಅದೇ ಹುನಗುಂದ ಸೀಮೆಯ ಸೂಳೇಬಾವಿಯ ಪಿ. ಬಿ. ಧುತ್ತರಗಿಯವರ ‘ಸಂಪತ್ತಿಗೆ ಸವಾಲ್’ ನಾಟಕ 1974ರಲ್ಲಿ ಚಲಚ್ಚಿತ್ರವಾಗಿ, ಅದರಲ್ಲಿ ಹಾಡಿದ ಮೇಲೆ ರಾಜಕುಮಾರರು ಗಾಯಕರಾಗಿಯೂ ನೆಲೆನಿಂತರೆಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ.

ಇಂದು ವಿಜಯಪುರದಲ್ಲಿ ಹನುಮಂತರಾಯರ ಹೆಸರಿನ ರಂಗಮಂದಿರವಿದೆ. ಸಭೆಗಳೂ ಸನ್ಮಾನಗಳೂ ನಡೆಯುವುದು ಅಲ್ಲಿಯೇ. ಅದೇ ಊರಲ್ಲಿ ರಂಗಭೂಮಿಯ ಇನ್ನೊಂದು ಹೆಸರು ಜನರ ಬಾಯಲ್ಲಿದೆ. ಆದರೆ ಆಡುವವರಿಗೆ ಅದು ರಂಗಭೂಮಿಯ ಹೆಸರೆಂಬುದು ಬಹುಶಃ ಮರೆತಿದೆ. ‘ಅಮೀರ ಟಾಕೀಜ’ ಎಂದು ಸಿನಿಮಾದ ದಾರಿ ಹೇಳುವಾಗ ನಾವು ಉಚ್ಚರಿಸುವ ಹೆಸರು ಬೀಳಗಿಯ ಅಮೀರಬಾಯಿ ಕರ್ನಾಟಕಿಯವರದು. ನಾಟಕದಿಂದ ಚಿತ್ರರಂಗಕ್ಕೆ ಹೋಗಿ ಮುಂಬಯಿಯಲ್ಲಿ ನೆಲೆಸಿದ ಈ ಕಂಠ 1943ರ ‘ಕಿಸ್ಮತ್’ ಚಿತ್ರದ ಹಾಡುಗಳಿಂದ ಇಡೀ ಹಿಂದುಸ್ಥಾನಕ್ಕೆ ಪರಿಚಿತವಾಯಿತು. ಆ ಚಿತ್ರ ಕಲಕತ್ತೆಯ ಒಂದೇ ಥೇಟರಿನಲ್ಲಿ ಮೂರು ವರ್ಷಕ್ಕಿಂತ ಹೆಚ್ಚು ಕಾಲ ಓಡಿತು. 1965ರಲ್ಲಿ ಅವರು ಕಾಲವಾದರು. ಹೆಸರಿನ ಮುಂದೆ ಊರನ್ನಲ್ಲ, ಇಡೀ ನಾಡನ್ನೇ ಅಂಟಿಸಿಕೊಂಡು ಹೋದ ಹೆಣ್ಣುಮಗಳು ಅವರು.

ಅವರ ಅಕ್ಕ ಗೋಹರಬಾಯಿ ಕರ್ನಾಟಕಿ. ಅವರೂ ಬೀಳಗಿಯವರೇ, ಅವರೂ ರಂಗದ ಗಾಯಕಿಯೇ. ಮರಾಠಿ ರಂಗಭೂಮಿಯ ಮುಕುಟಮಣಿ ಬಾಲಗಂಧರ್ವರ ಕಂಪನಿಯನ್ನು ಅವರು ಸೇರಿದ್ದು 1930ರ ದಶಕದ ಕೊನೆಯಲ್ಲಿ. ಗಂಡಸಾಗಿ ಹೆಣ್ಣಿನ ಪಾತ್ರದಲ್ಲಿ ಒಂದು ಪೀಳಿಗೆಯನ್ನೇ ಮರುಳುಗೊಳಿಸಿದ್ದ ಬಾಲಗಂಧರ್ವರಿಗೆ ಆಗ ವಯಸ್ಸಾಗಿತ್ತು. ಅವರು ಆಡುತ್ತಿದ್ದ ನಾಯಿಕೆಯ ಪಾತ್ರಗಳನ್ನು ಗೋಹರಬಾಯಿ ಆಡಿದರು. ಗಂಡಸು ಸೀರೆಯುಟ್ಟಾಗ ಕೈತಟ್ಟಿದ್ದ ಜನ, ಹೆಂಗಸೇ ಆ ಸೀರೆಯುಟ್ಟು ಬಂದಾಗ ಮುಖ ಸಿಂಡರಿಸಿಕೊಂಡರು. ಬಾಲಗಂಧರ್ವರು ಕೆಟ್ಟದ್ದು ಇವಳಿಂದಲೇ ಎಂದರು. ಬಾಲಗಂಧರ್ವರಿಗೆ 1955ರಲ್ಲಿ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿ, 1964ರಲ್ಲಿ ಪದ್ಮಭೂಷಣ ಸಂದವು. 1968ರಲ್ಲಿ ಪುಣೆಯಲ್ಲಿ ಅವರ ಹೆಸರಿನ ರಂಗಮಂದಿರ ಎದ್ದಿತು. ಅವೆಲ್ಲವೂ ಅವರಿಗೆ ಯೋಗ್ಯವಾದವೇ. ಆದರೆ ಅವರ ಕೊನೆಯ ಬಡತನದ ದಿನಗಳಲ್ಲಿ ಜೊತೆಯಲ್ಲಿದ್ದ ಬೀಳಗಿಯ ಹೆಣ್ಣುಮಗಳ ಹೆಸರನ್ನು ವಿಜಯಪುರದ ಬಜಾರದಲ್ಲಿ ಹತ್ತು ಜನರಿಗೆ ಕೇಳಿ ನೋಡಿ. ನಾನು ಕೇಳಿದೆ. ಒಬ್ಬ ಹಳೆಯ ದರ್ಜಿಗೆ ಮಾತ್ರ ಗೊತ್ತಿತ್ತು. ಅವನು ಗ್ರಾಮಫೋನು ಇದ್ದ ಮನೆಯಲ್ಲಿ ಬೆಳೆದವನು.

ಹಾಗಾದರೆ ಕೀರ್ತಿವಂತೆಯ ಗತಿಯೇ ಹೀಗಿರುವಾಗ, ನನ್ನ ಮನೆಗೆ ಚೀಲ ಹಿಡಿದು ಬಂದವರ ಕಾಗದ ಎಲ್ಲಿಂದ ಸಿಗಬೇಕು? ಕಂಪನಿಗಳೆಲ್ಲ ಮುಚ್ಚಿ ಅವುಗಳ ಪೆಟ್ಟಿಗೆಗಳು ಚೆದರಿಹೋಗಿವೆ. ಉಳಿದದ್ದು ಹಳ್ಳಿಗಳು. ಕಂಪನಿಯ ಕೆಲಸ ಬಿಟ್ಟ ಮೇಲೆ ಈ ನಟಿಯರು ಬದುಕಿದ್ದು ಹಳ್ಳಿಯ ಜಾತ್ರೆಗಳ ಮೇಲೆಯೇ. ಒಂದು ಮುಂಜಾನೆ ನಾನು ತಿಕೋಟೆಯ ಬಸ್ಸು ಹತ್ತಿದೆ.

ತಿಕೋಟೆಯ ದಾರಿಯಲ್ಲಿ ಮೊದಲು ಸಿಗುವುದು ತೊರವಿ. ಎರಡನೆಯ ಇಬ್ರಾಹಿಂ ಆದಿಲಶಾಹನು 1599ರಲ್ಲಿ ನವರಸಪುರವೆಂಬ ನಗರವನ್ನು ಕಟ್ಟಲು ತೊಡಗಿದ್ದು ಇಲ್ಲಿಯೇ. 1624ರಲ್ಲಿ ಮಲಿಕ್ ಅಂಬರನ ದಂಡು ಅದನ್ನು ಹಾಳುಗೆಡವಿತು. ಸಂಗೀತ ಮಹಲಿನ ಎತ್ತರದ ಕಮಾನು ಈಗಲೂ ನಿಂತಿದೆ. ಈ ಅರಸ ರಸಿಕ. ನವರಸಗಳ ಹೆಸರಿನಲ್ಲಿ ಊರು ಕಟ್ಟಿದವನು. ದಖನಿಯಲ್ಲಿ ‘ಕಿತಾಬ್-ಎ-ನವರಸ್’ ಎಂಬ ಹಾಡುಗಳ ಪುಸ್ತಕ ಬರೆದವನು. ತನ್ನ ಪ್ರೀತಿಯ ತಂಬೂರಿಗೆ ‘ಮೋತಿ ಖಾನ್’ ಎಂದು, ಆನೆಗೆ ‘ಆತಿಶ್ ಖಾನ್’ ಎಂದು ಹೆಸರಿಟ್ಟು ಆ ಹಾಡುಗಳಲ್ಲಿ ಅವರನ್ನು ಕೊಂಡಾಡಿದ್ದಾನೆ. ಸಾಲೆಯ ಮಕ್ಕಳನ್ನು ಇಲ್ಲಿಗೆ ಕರೆತಂದಾಗಲೆಲ್ಲ ನಾನು ಈ ಕಥೆ ಹೇಳಿ ನಗಿಸುತ್ತಿದ್ದೆ. ಈ ಸಲ ಬಸ್ಸಿನ ಕಿಟಕಿಯಿಂದ ಕಮಾನನ್ನು ನೋಡುವಾಗ ನಗು ಬರಲಿಲ್ಲ. ನಾಲ್ಕು ನೂರು ವರ್ಷ ದಾಟಿದರೂ ಒಂದು ತಂಬೂರಿಯ ಹೆಸರು ಉಳಿದಿದೆ. ಆ ಮಹಲಿನಲ್ಲಿ ಕುಣಿದ ಹೆಣ್ಣುಮಕ್ಕಳಲ್ಲಿ ಎಷ್ಟು ಜನರ ಹೆಸರು ನಮ್ಮ ಸಾಲೆಯ ಪುಸ್ತಕದಲ್ಲಿದೆ?

ತಿಕೋಟೆ ನನ್ನ ಹುಟ್ಟೂರು. ಈಗ ಅದೂ ಬಬಲೇಶ್ವರವೂ ತಾಲೂಕು ಊರುಗಳಾಗಿವೆ. ನಾನು ಹುಡುಗನಾಗಿದ್ದಾಗ ಮಳೆಗಾಗಿ ಮುಗಿಲು ನೋಡುತ್ತಿದ್ದ ಹೊಲಗಳಲ್ಲಿ ಈಗ ದ್ರಾಕ್ಷಿಯ ಚಪ್ಪರಗಳು, ಒಣದ್ರಾಕ್ಷಿಯ ಶೆಡ್ಡುಗಳು. ಹಳೆಯ ಗೆಳೆಯರ ಮನೆ ಮನೆ ತಿರುಗಿದೆ. ನಾಟಕದ ಮಾತು ತೆಗೆದರೆ ಸಾಕು, ಎಪ್ಪತ್ತರ ಮುದುಕರೂ ಎದೆ ಸೆಟೆಸಿ ದುರ್ಯೋಧನರಾಗುತ್ತಿದ್ದರು. ಟ್ರಂಕುಗಳು ತೆರೆದವು. ಗುಲಾಬಿ, ಹಳದಿ, ಹಸಿರು ಬಣ್ಣದ ತೆಳು ಕಾಗದಗಳ ಮೇಲೆ ಅಚ್ಚಾದ ಹ್ಯಾಂಡ್‌ಬಿಲ್ಲುಗಳು ಹೊರಬಂದವು.

ಇವುಗಳ ರಚನೆ ಎಲ್ಲ ಊರಲ್ಲೂ ಒಂದೇ. ಮೇಲೆ ದೇವರ ಹೆಸರು, ಕೆಳಗೆ ಸಾನ್ನಿಧ್ಯ ವಹಿಸುವ ಸ್ವಾಮಿಗಳು, ಅದರ ಕೆಳಗೆ ಅಧ್ಯಕ್ಷರು, ಉದ್ಘಾಟಕರು, ಊರ ಹಿರಿಯರು, ನಡುವೆ ದಪ್ಪಕ್ಷರದಲ್ಲಿ ನಾಟಕದ ಹೆಸರು, ಆಮೇಲೆ ಪಾತ್ರವರ್ಗ. ಭೀಮನೆಂದರೆ ಇಂಥವರ ಮಗ, ಕೃಷ್ಣನೆಂದರೆ ಇಂಥವರ ತಮ್ಮ, ಒಂದೇ ಮಾತಾಡುವ ದೂತನ ಹೆಸರೂ ಬಿಡದೆ ಅಚ್ಚಾಗಿರುತ್ತದೆ. ಪೇಟಿ, ತಬಲಾ, ಸೀನರಿ, ಲೈಟು, ಮೈಕು ಇವುಗಳವರ ಹೆಸರು ಬೇರೆ. ಕಟ್ಟಕಡೆಗೆ ಒಂದು ಸಾಲು: ‘ಸ್ತ್ರೀ ಪಾತ್ರಗಳಲ್ಲಿ ಕರ್ನಾಟಕದ ಸುಪ್ರಸಿದ್ಧ ನಟಿಯರು.’ ಸುಪ್ರಸಿದ್ಧರಂತೆ, ಆದರೆ ಹೆಸರಿಲ್ಲ!

ಪೇಟೆಯ ವಾಚಕರಿಗೆ ಈ ಹಳ್ಳಿಯ ನಾಟಕದ ಲೆಕ್ಕ ತಿಳಿದಿರಲಿಕ್ಕಿಲ್ಲ. ಊರ ಗಂಡಸರು ಪಾತ್ರ ಮಾಡಲು ತಾವೇ ಪಟ್ಟಿ ಹಾಕಿ ರೊಕ್ಕ ಕೊಡುತ್ತಾರೆ. ಎರಡು ಮೂರು ತಿಂಗಳು ರಾತ್ರಿ ಪೇಟಿ ಮಾಸ್ತರರ ಎದುರು ತಾಲೀಮು ನಡೆಯುತ್ತದೆ. ನಟಿಯರಿಗೆ ಮಾತ್ರ ಊರವರು ರಾತ್ರಿಗಿಷ್ಟೆಂದು ಕೊಡಬೇಕು. ಇಲಕಲ್ಲು, ಗುಳೇದಗುಡ್ಡ, ಗದಗ, ವಿಜಾಪುರಗಳಿಂದ ಅವರು ಬಂದು ಇಳಿಯುವುದು ನಾಟಕದ ದಿನವೇ, ಬಹಳವಾದರೆ ಹಿಂದಿನ ದಿನ. ಎದುರಿನ ಭೀಮ ಯಾರೆಂಬುದನ್ನು ಬಣ್ಣದ ಕೋಣೆಯಲ್ಲಿಯೇ ಮೊದಲು ನೋಡುವುದು. ಹತ್ತಿಪ್ಪತ್ತು ನಾಟಕಗಳು ಅವರಿಗೆ ಕಂಠಪಾಠ. ರಾತ್ರಿ ಹತ್ತೂವರೆಗೆ ಪಡದೆ ಎದ್ದರೆ ಬೀಳುವುದು ಬೆಳ್ಳಿ ಮೂಡಿದ ಮೇಲೆ. ಮೂರು ತಿಂಗಳು ಉರುಹೊಡೆದ ಊರ ದುರ್ಯೋಧನ ಜನರನ್ನು ಕಂಡು ಮಾತು ಮರೆತು ನಿಂತರೆ, ತನ್ನ ಮಾತಿನ ನಡುವೆಯೇ ಅವನ ಮಾತಿನ ತುದಿಯನ್ನು ಎತ್ತಿಕೊಟ್ಟು ನಾಟಕವನ್ನು ದಾಟಿಸುವವಳು ಆ ಹೆಸರಿಲ್ಲದ ನಟಿ. ಮಾತು ಮರೆತವನ ಹೆಸರು ಹ್ಯಾಂಡ್‌ಬಿಲ್ಲಿನಲ್ಲಿರುತ್ತದೆ. ನಡುವೆ ಸೋದರಮಾವ ಬಂದು ಅವನಿಗೆ ಆಯೇರಿ ಮಾಡಿ, ಅದನ್ನು ಮೈಕಿನಲ್ಲಿ ಸಾರಿಸುತ್ತಾನೆ.

ತಿಕೋಟೆಯಲ್ಲಿ ಹದಿನಾರು ಹ್ಯಾಂಡ್‌ಬಿಲ್ಲು ನೋಡಿದೆ. ನಟಿಯರ ಹೆಸರು ಅಚ್ಚಾಗಿದ್ದುದು ಎರಡರಲ್ಲಿ ಮಾತ್ರ, ಅವೂ ಇತ್ತೀಚಿನವು. ನನಗೆ ಬೇಕಾದ ಹೆಸರು ಅವುಗಳಲ್ಲಿ ಇರಲಿಲ್ಲ.

ಮರುವಾರ ಬಬಲೇಶ್ವರಕ್ಕೆ ಹೋದೆ. ಸಾರವಾಡದ ಹತ್ತಿರ ಡೋಣಿ ದಾಟುವಾಗ ಸ್ವಲ್ಪ ಆಸೆಯೂ ಇತ್ತು. ಅವರ ದ್ರೌಪದಿಯನ್ನು ನಾನೇ ಕಣ್ಣಾರೆ ನೋಡಿದ ಊರು ಅದು. ಅಂದು ಅಶ್ವತ್ಥಾಮನಾಗಿದ್ದವರು ಇನ್ನೂ ಇದ್ದಾರೆ. ಮೊಳಕಾಲು ನೋವಿನಿಂದ ಹೊರಸಿನ ಮೇಲೆಯೇ ಕುಳಿತಿರುತ್ತಾರೆ. ‘ರಕ್ತರಾತ್ರಿ’ಯ ಮಾತೆತ್ತಿದೊಡನೆ ಅವರು ಸೊಸೆಯನ್ನು ಕರೆದು ಅಟ್ಟದ ಮೇಲಿನ ಡಬ್ಬಿ ತರಿಸಿದರು. ಅದರಲ್ಲಿ ನಾಲ್ಕು ಮಡಿಕೆಯಾಗಿ ಮಡಚಿಟ್ಟ ಹಳದಿ ಕಾಗದ. 1978ರ ಜಾತ್ರೆಯದು. ನಾನು ಆತುರದಿಂದ ಬಿಚ್ಚಿದೆ. ಸ್ವಾಮಿಗಳಿದ್ದರು, ಹಿರಿಯರಿದ್ದರು, ಅಶ್ವತ್ಥಾಮ, ಶಕುನಿ, ಭೀಮ, ಧರ್ಮರಾಯ ಎಲ್ಲರೂ ಇದ್ದರು. ಮೈಕಿನವನೂ ಇದ್ದ. ಅದೇ ಸಾಲು ಇತ್ತು: ‘ಸ್ತ್ರೀ ಪಾತ್ರಗಳಲ್ಲಿ ಕರ್ನಾಟಕದ ಸುಪ್ರಸಿದ್ಧ ನಟಿಯರು.’ ಅದರ ಕೆಳಗೆ, ಎಡ ಮೂಲೆಯಲ್ಲಿ, ‘ಕಾರ್ಯದರ್ಶಿ’ ಎಂದು ಅಚ್ಚಾಗಿ ನನ್ನ ಹೆಸರಿತ್ತು.

ಮರೆತೇಹೋಗಿತ್ತು. ಆ ವರ್ಷ ಊರ ತರುಣರು ‘ನೀವು ಕಲಿತವರು, ನೀವೇ ಬರೆದುಕೊಡಿರಿ’ ಎಂದು ಹ್ಯಾಂಡ್‌ಬಿಲ್ಲಿನ ಮಜಕೂರು ಬರೆಸಿಕೊಂಡದ್ದು ನನ್ನಿಂದಲೇ. ವಿಜಾಪುರದ ಛಾಪಖಾನೆಗೆ ಹೋಗಿ ಕರಡು ತಿದ್ದಿದವನೂ ನಾನೇ. ಧರ್ಮರಾಯನ ಹೆಸರಿನ ಒಂದು ಒತ್ತಕ್ಷರ ತಪ್ಪಾದುದಕ್ಕೆ ಅಚ್ಚಿನವನೊಡನೆ ಜಗಳಾಡಿದ್ದೂ ನೆನಪಾಯಿತು. ಇತಿಹಾಸದಲ್ಲಿ ಸಾಮಾನ್ಯರ ಹೆಸರು ಉಳಿಯುವುದಿಲ್ಲವೆಂದು ಮಕ್ಕಳೆದುರು ಮೂವತ್ತು ವರ್ಷ ಮರುಗಿದವನ ಕೈಬರಹವೇ ಒಬ್ಬರ ಹೆಸರನ್ನು ಬಿಟ್ಟಿತ್ತು. ಅಂದು ಅದು ತಪ್ಪೆಂದು ತೋಚಲೂ ಇಲ್ಲ. ಎಲ್ಲರೂ ಹಾಗೆಯೇ ಬರೆಯುತ್ತಿದ್ದರು.

ಆ ಕಾಗದವನ್ನು ಕೇಳಿ ತೆಗೆದುಕೊಂಡು ಅವರ ಮನೆಗೆ ಹೋದೆ. ನಡೆದುದನ್ನು ಹೇಳಿ, “ಅಕ್ಕಾರ, ತಪ್ಪು ನನ್ನದು” ಎಂದೆ. ಅವರು ಕನ್ನಡಕ ಹಾಕಿಕೊಂಡು ಹ್ಯಾಂಡ್‌ಬಿಲ್ಲನ್ನು ಮೇಲಿನಿಂದ ಕೆಳಗಿನ ತನಕ ಓದಿದರು. ಆಮೇಲೆ ಹೇಳಿದ ಮಾತು ನಾನು ನಿರೀಕ್ಷಿಸಿದ್ದಲ್ಲ.

“ನಿಮ್ಮದೇನು ತಪ್ರೀ ಮಾಸ್ತರ್ರ. ಆವಾಗ ಹೆಸರು ಹಾಕಬ್ಯಾಡ್ರಿ ಅಂತ ನಾವ ಹೇಳತಿದ್ವಿ.”

ಕಾರಣವನ್ನೂ ಹೇಳಿದರು. ಆಗ ಅವರು ಇದ್ದದ್ದು ಬಾಡಿಗೆಯ ಮನೆ. ನಾಟಕದವರೆಂದು ತಿಳಿದರೆ ಮಾಲಕರು ಮನೆ ಬಿಡಿಸುತ್ತಿದ್ದರು. ಹಿಂದೆ ಎರಡು ಸಲ ಹಾಗಾಗಿತ್ತು. ಮಗಳನ್ನು ಸಾಲೆಗೆ ಹಚ್ಚುವ ವರ್ಷ ಅದು. ಹ್ಯಾಂಡ್‌ಬಿಲ್ಲು ಗಾಳಿಗೆ ಎಲ್ಲಿಗೆ ಹಾರುತ್ತದೋ, ಕಿರಾಣಿ ಅಂಗಡಿಯಲ್ಲಿ ಯಾರ ಪುಡಿಕೆ ಕಟ್ಟುತ್ತದೋ ಹೇಳಬರುವುದಿಲ್ಲ. ಹಬ್ಬಕ್ಕೆ ತವರಿಗೆ ಹೋಗಿದ್ದೆ ಎಂದು ಓಣಿಯವರಿಗೆ ಹೇಳಿ, ಮುಂಜಾನೆ ಮೊದಲನೆಯ ಬಸ್ಸಿಗೆ ಮರಳಿ, ಹುಬ್ಬಿನಲ್ಲಿ ಉಳಿದ ಬಣ್ಣವನ್ನು ಕೊಬ್ಬರಿ ಎಣ್ಣೆಯಿಂದ ಒರೆಸಿ ನೀರು ತುಂಬಲು ನಳಕ್ಕೆ ಹೋಗುತ್ತಿದ್ದರಂತೆ. ಗೋಹರಬಾಯಿಯವರಿಗೆ ಪುಣೆ ಮುಂಬಯಿಗಳಲ್ಲಿ ಬಿದ್ದ ಮಾತೇ ಇವರಿಗೆ ವಿಜಾಪುರದ ಓಣಿಯಲ್ಲಿಯೂ ಬೀಳುತ್ತಿತ್ತು. ಆಕೆ ಹೆಸರಿಟ್ಟುಕೊಂಡು ಮಾತು ಕೇಳಿದರು. ಈಕೆ ಹೆಸರು ಬಿಟ್ಟುಕೊಟ್ಟು ಮನೆ ಉಳಿಸಿಕೊಂಡರು.

“ಹಾಗಾದರೆ ಈಗ್ಯಾಕೆ ಅಕ್ಕಾರ?” ಎಂದು ಕೇಳಿದೆ. ಅವರು ಮೊಮ್ಮಗಳ ಕಡೆಗೆ ನೋಡಿದರು. ಕಾಲೇಜಿನಲ್ಲಿ ಇವಳ ಪಾಠಕ್ಕೆ ವೃತ್ತಿರಂಗಭೂಮಿಯ ಒಂದು ಅಧ್ಯಾಯವಿದೆಯಂತೆ. ಅದರಲ್ಲಿ ‘ರಕ್ತರಾತ್ರಿ’ಯ ಹೆಸರು ಬಂದಾಗ, ನಮ್ಮ ಅಜ್ಜಿ ಅದರಲ್ಲಿ ದ್ರೌಪದಿಯಾಗಿದ್ದಳೆಂದು ಹುಡುಗಿ ಎದ್ದುನಿಂತು ಹೇಳಿದಳಂತೆ. “ಇಕಿ ಹೇಳಿದ್ದು ಸುಳ್ಳಲ್ಲ ಅಂತ ಒಂದು ಕಾಗದ ಇರಲಿ ಅಂತ ಬಂದೆ ನೋಡ್ರಿ. ಪ್ರಶಸ್ತಿ ಕೊಟ್ಟರ ಕೊಡಲಿ.”

ಅಂದು ರಾತ್ರಿ ನಾನು ಅರ್ಜಿಗೆ ಲಗತ್ತಿಸಲು ಒಂದು ಪತ್ರ ಬರೆದೆ. 1978ರ ಜಾತ್ರೆಯಲ್ಲಿ ಬಬಲೇಶ್ವರದಲ್ಲಿ ಆದ ‘ರಕ್ತರಾತ್ರಿ’ ನಾಟಕದ ಹ್ಯಾಂಡ್‌ಬಿಲ್ಲನ್ನು ಬರೆದವನು ನಾನು. ಅದರಲ್ಲಿ ‘ಸುಪ್ರಸಿದ್ಧ ನಟಿಯರು’ ಎಂಬಲ್ಲಿ ದ್ರೌಪದಿಯ ಪಾತ್ರ ವಹಿಸಿದವರು ಇವರೇ ಎಂದು ಹೆಸರು ಬರೆದು ಸಹಿ ಹಾಕಿದೆ. ಅಶ್ವತ್ಥಾಮನೂ ಸಾಕ್ಷಿಯ ಸಹಿ ಹಾಕಿದ್ದಾರೆ. ಅರ್ಜಿ ಹೋಯಿತು, ಆ ವರ್ಷದ ಪಟ್ಟಿಯೂ ಬಂತು, ಬೆರಳಿಟ್ಟು ಹುಡುಕಿದೆ, ಅವರ ಹೆಸರು ಇರಲಿಲ್ಲ. ಪಟ್ಟಿಯಲ್ಲಿದ್ದವರೆಲ್ಲ ಯೋಗ್ಯರೇ, ಅದರ ಬಗ್ಗೆ ದೂರಿಲ್ಲ. ಪತ್ರದ ಇನ್ನೊಂದು ಪ್ರತಿಯನ್ನೂ ಆ ಹಳದಿ ಹ್ಯಾಂಡ್‌ಬಿಲ್ಲನ್ನೂ ಮೊಮ್ಮಗಳು ಪ್ಲಾಸ್ಟಿಕ್ಕಿನ ಹಾಳೆಯೊಳಗೆ ಇಟ್ಟುಕೊಂಡಿದ್ದಾಳೆ.

ಪ್ರಶಸ್ತಿ ಕೊಡುವವರಿಗೆ ಹೇಳುವಷ್ಟು ದೊಡ್ಡವನು ನಾನಲ್ಲ. ವಾಚಕರಲ್ಲಿ ಮಾತ್ರ ಎರಡು ಮಾತಿನ ವಿನಂತಿ. ಈಗಲೂ ನಮ್ಮ ಹಳ್ಳಿಗಳಲ್ಲಿ ಜಾತ್ರೆಗೊಂದು ನಾಟಕ ಆಗುತ್ತದೆ. ಹ್ಯಾಂಡ್‌ಬಿಲ್ಲಿನ ಮಜಕೂರನ್ನು ಬರೆಯುವ ಕಲಿತವರು ಈ ಪತ್ರಿಕೆಯನ್ನು ಓದುತ್ತಿರಬಹುದು. ಬರೆಯುವ ಮುಂಚೆ ಬಂದ ನಟಿಯರನ್ನು ಒಂದು ಸಲ ಕೇಳಿರಿ: ‘ಅಕ್ಕಾರ, ಹೆಸರು ಹಾಕಲೇ?’ ಬೇಡವೆಂದರೆ ಬಿಡಿರಿ. ಆದರೆ ಕೇಳದೆ ಬಿಡಬೇಡಿರಿ. ಎರಡನೆಯದು, ನಿಮ್ಮ ಮನೆಯ ಅಟ್ಟದ ಮೇಲೆ ಹಳೆಯ ನಾಟಕದ ಕಾಗದಗಳಿದ್ದರೆ ರದ್ದಿಯ ತೂಕಕ್ಕೆ ಹಾಕಬೇಡಿರಿ. ಹೆಸರಿದ್ದವನ್ನೂ ಇಡಿರಿ, ಇಲ್ಲದವನ್ನೂ ಇಡಿರಿ. ಹೆಸರಿಲ್ಲದ ಸಾಲಿನ ಮುಂದೆ ಆ ನಟಿ ಯಾರೆಂಬುದು ಮನೆಯ ಹಿರಿಯರಿಗೆ ನೆನಪಿದ್ದರೆ, ಅವರಿರುವಾಗಲೇ ಒಂದು ಪೆನ್ಸಿಲಿನಿಂದ ಬರೆದಿಡಿರಿ.